ಕಾಂತೇಶ್ ಬರೆದುಕೊಟ್ಟ ರಿಪೋರ್ಟು

"ಮೇಡಂ, ನಿಮ್ ಹುಡುಗ್ರು ಲ್ಯಾಬಲ್ಲಿ ಗೇಮ್ಸ್ ಆಡ್ತಾರಾ?"

ರಿಪೇರಿಗೆ ಬಂದವನು ಹೆಗಲಿಂದ ಬ್ಯಾಗು ಇಳಿಸುವ ಮೊದಲೇ ಕೇಳಿದ ಪ್ರಶ್ನೆ. ನನಗೆ ಮೈಯೆಲ್ಲ ಉರಿದುಹೋಯಿತು.

"ನೀವೂ ಅದನ್ನೇ ಬರ್ದು ಹೋಗಿ ಸಾರ್! ನಿಮ್ ತುಮಕೂರು ಕಂಪನಿಯವ್ರು ಎರಡು ಸಲ ಬಂದ್ರು. ಎರಡು ಸಲಾನೂ ರಿಪೋರ್ಟಲ್ಲಿ 'ಬಳಸುವವರ ತಪ್ಪು' ಅಂತ ಗೀಚಿ ಹೋದ್ರು."

ಅದು 2003ರ ಜೂನ್. ಕುಣಿಗಲ್‌ನ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನನ್ನ ಸುಪರ್ದಿಯಲ್ಲಿತ್ತು. ಐದು ತಿಂಗಳಿಂದ ಸರ್ವರ್‌ನಿಂದ ಒಂದು ಫೈಲು ಬರುವಷ್ಟರಲ್ಲಿ ಟೀ ಕುಡಿದು ಬರಬಹುದಿತ್ತು. ಸೆಕ್ರೆಟರಿ ಸದಾಶಿವಯ್ಯನವರು ಖಡಾಖಂಡಿತವಾಗಿ ಹೇಳಿದ್ದರು: "ಇನ್ನೊಂದ್ಸಲ ಇದೇ ರಿಪೋರ್ಟ್ ಬಂದ್ರೆ ನಿನ್ ಜಾಗಕ್ಕೆ ಬೇರೆಯವ್ರನ್ನ ನೋಡ್ಕೋತೀವಿ ಕಣಮ್ಮ ವನಜಾಕ್ಷಿ."

ಅವನು ಜಗಳಕ್ಕೆ ಬರಲಿಲ್ಲ. "ನಾನು ಕಾಂತೇಶ್, ಗುಬ್ಬಿಯವ್ನು. ಸಂಕ್ರಾಂತಿ ರಜದಲ್ಲಿ ಈ ನೆಟ್‌ವರ್ಕ್ ಸ್ವಿಚ್ ಕೂರಿಸಿದ್ದು ನಾನೇ. ಒಂದರ್ಧ ಗಂಟೆ ಜೊತೇಲಿ ಕೂತ್ಕೋತೀರಾ?" ಎಂದ.

ಮುಖ ಊದಿಸಿಕೊಂಡೇ ಕೂತೆ.

ಮೊದಲು ಪಿಂಗ್ ಹಾಕಿ ಸರ್ವರನ್ನು ಕೂಗಿ ನೋಡಿದ. ಸರ್ವರ್ ಥಟ್ಟನೆ ಉತ್ತರ ಕೊಟ್ಟಿತು. "ಚಿಕ್ಕದೆಲ್ಲ ಸಲೀಸಾಗಿ ಹೋಗ್ತಿದೆ. ಈಗ ದೊಡ್ಡ ಫೈಲ್ ಕಾಪಿ ಮಾಡಿ." ಕೇಬಲ್ಲುಗಳೆಲ್ಲ ಬಂದು ಸೇರುವ ಸ್ವಿಚ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಸರ್ವರ್ ಪೋರ್ಟಿನ ಎರರ್ ಲೆಕ್ಕ ತೆರೆದಿಟ್ಟ. "ಓದ್ತಾ ಇರಿ."

"ಮುನ್ನೂರ ಹನ್ನೆರಡು... ನಾನೂರ ನಲವತ್ತು... ಅಯ್ಯೋ, ಏರ್ತಾನೇ ಇದೆ!"

ಕೇಬಲ್ ಕೆಟ್ಟಿದೆಯೇನೋ ಎಂದು ಮೇಜಿನ ಕೆಳಗೆ ತೂರಿ ಹೊಸದು ಹಾಕಿದ. ಎಂಟು ಬಣ್ಣದ ಎಳೆಗಳನ್ನು ಆ ಉದ್ದನೆಯ ಬೆರಳುಗಳು ಹೂ ಕಟ್ಟುವವರ ಹಾಗೆ ಜೋಡಿಸಿದವು. ನಾನು ನಂಬರು ಓದುವುದನ್ನೇ ಮರೆತೆ.

"ಮೇಡಂ, ನಂಬರ್ ಸ್ಕ್ರೀನ್ ಮೇಲಿದೆ," ಎಂದ, ತಲೆ ಎತ್ತದೆ. ಕಿವಿಯವರೆಗೂ ಕೆಂಪಾದೆ.

ಎರರ್ ಮಾತ್ರ ಏರುತ್ತಲೇ ಇತ್ತು. ಕೊನೆಗೆ ಸೆಟ್ಟಿಂಗ್ಸ್ ತೆರೆದವನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ.

"ತಪ್ಪು ನಂದೇ ವನಜಾಕ್ಷಿಯವ್ರೆ. ಸ್ಪೀಡ್ ಬರ್ಲಿ ಅಂತ ಸ್ವಿಚ್ಚಲ್ಲಿ ಈ ಪೋರ್ಟನ್ನ ಫುಲ್ ಡುಪ್ಲೆಕ್ಸ್ ಮಾಡ್ದೆ. ಸರ್ವರ್ ಕಡೆ ಆಟೋದಲ್ಲೇ ಬಿಟ್ಟೆ, ಅದು ಹಾಫ್‌ಗೆ ಇಳ್ಕೊಂಡಿದೆ. ಸ್ವಿಚ್ ಯಾವಾಗಂದ್ರೆ ಆವಾಗ ಮಾತಾಡುತ್ತೆ. ಸರ್ವರ್ರು, ಒಬ್ರು ಮುಗಿಸಿದ್ಮೇಲೇ ಇನ್ನೊಬ್ರು ಅನ್ಕೊಂಡಿದೆ. ಇಬ್ರೂ ಡಿಕ್ಕಿ ಹೊಡ್ಕೊಂಡು ಡೇಟಾ ಕೆಡ್ತಿದೆ."

ಎರಡೂ ಕಡೆ ಆಟೋ ಮಾಡಿದ. ನಂಬರು ಅಲ್ಲೇ ನಿಂತಿತು. ಫೈಲು ಚಕ್ಕಂತ ಬಂತು. ನನಗೆ ಅಳುವೇ ಬಂದುಬಿಟ್ಟಿತು.

ರಿಪೋರ್ಟು ತೆಗೆದ. "ಕೇಬಲ್ ಹಾಳಾಗಿತ್ತು ಅಂತ ಬರೀರಿ, ಇಬ್ರಿಗೂ ತೊಂದ್ರೆ ಇರಲ್ಲ," ಎಂದೆ.

"ಹಳೇ ಕೇಬಲ್ ಚೆನ್ನಾಗೇ ಇತ್ತಲ್ಲ."

ಬರೆದ: 'ಸ್ವಿಚ್ ಸೆಟ್ಟಿಂಗ್ ತಪ್ಪು. ಮಾಡಿದವನು ನಾನು. ಲ್ಯಾಬ್ ಇನ್‌ಚಾರ್ಜ್ ಅವರ ತಪ್ಪೇನೂ ಇಲ್ಲ.' ಸೈನ್ ಹಾಕಿ, ತಾನೇ ಹೋಗಿ ಸದಾಶಿವಯ್ಯನವರ ಕೈಗೆ ಕೊಟ್ಟ. ಅಂಥ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮನಸ್ಸು ಕೊಟ್ಟಿದ್ದು ಆಗಲೇ.

ನನ್ನ ಕೆಲಸ ಉಳಿಯಿತು. ಮೂರು ವಾರ ಬಿಟ್ಟು ಒಂದು ಮಧ್ಯಾಹ್ನ ಬಾಗಿಲಲ್ಲಿ ಅವನು ನಿಂತಿದ್ದ, ಬರಿಗೈಯಲ್ಲಿ.

"ನಾವ್ ಕಂಪ್ಲೇಂಟ್ ಕೊಟ್ಟಿಲ್ವಲ್ಲ?"

"ಕೊಟ್ರೂ ನಾನ್ ಬರಂಗಿಲ್ಲ. ಆ ರಿಪೋರ್ಟ್ ನೋಡಿ ಓನರ್ರು ಕೆಲಸದಿಂದ ತೆಗೆದ್ರು." ಚಪ್ಪಲಿ ನೋಡುತ್ತಾ ನಿಂತ. "ಸುಮ್ನೆ... ನಿಮ್ಮನ್ನ ನೋಡೋಣ ಅಂತ ಬಂದೆ. ಕೆಲಸ ಇದ್ದಿದ್ರೆ ಇನ್ನೊಂದು ಮಾತೂ ಕೇಳ್ತಿದ್ದೆ."

ನನ್ನ ಬಾಯಿ ಸುಮ್ಮನಿರುವುದುಂಟೆ?

"ಭಾನುವಾರ ನಮ್ಮಪ್ಪ ಮನೇಲಿರ್ತಾರೆ. ಅಮೃತೂರಲ್ಲಿಳಿದು ದ್ಯಾವಪ್ಪನ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ. ನಿಮ್ಮಮ್ಮನ್ನೂ ಕರ್ಕೊಂಡ್ ಬನ್ನಿ."

ಅವನು ಗಾಬರಿಯಾದ. "ಹುಡುಗ ಏನ್ ಕೆಲಸ ಮಾಡ್ತಾನೆ ಅಂತ ಕೇಳಿದ್ರೆ?"

"ನೀವು ಬಾಯಿ ಬಿಡ್ಬೇಡಿ. ನನ್ ಕೆಲಸ ಉಳಿಸೋಕೆ ತನ್ ಕೆಲಸ ಕಳ್ಕೊಂಡವ್ನು ಅಂತ ನಾನೇ ಹೇಳ್ತೀನಿ."