ಉಪ್ಪಿನ ಡಬ್ಬಿಯ ಜಾಗ

“ಥೂ! ಟೀಗೆ ಉಪ್ಪು ಹಾಕಿದ್ದು ಯಾರು?”

ಅಪ್ಪ ಸಿಂಕಿನ ಹತ್ತಿರ ಓಡಿಹೋಗಿ ಬಾಯಿ ಮುಕ್ಕಳಿಸಿದ. ಬಸ್ ಡ್ರೈವರ್ ಅಪ್ಪನಿಗೆ ಬೆಳಿಗ್ಗೆ ಒಂದು ಲೋಟ ಟೀ ಹೊಟ್ಟೆಗೆ ಬೀಳದಿದ್ದರೆ ದಿನವೇ ಶುರುವಾಗುತ್ತಿರಲಿಲ್ಲ.

“ಅಯ್ಯೋ, ನಾನೇ ಕಣೋ,” ಎಂದು ಅಜ್ಜಿ ನಕ್ಕುಬಿಟ್ಟಳು. “ಡಬ್ಬಿಗಳೆಲ್ಲ ಅದಲು ಬದಲಾಗಿವೆ. ನಾನೇನು ಮಾಡ್ಲಿ?”

ಬಾಗಿಲಲ್ಲಿ ನಿಂತಿದ್ದ ಗಿರಗಿಟ್ಲೆಗೆ ರೇಗಿಹೋಯಿತು. ಸ್ಕೂಲಿನಲ್ಲಿ ಅವಳಿಗೆ ಚೆಂದದ ಹೆಸರೊಂದಿತ್ತು. ಆದರೆ ಒಂದು ಕಡೆ ಒಂದು ನಿಮಿಷ ನಿಲ್ಲದ ಹುಡುಗಿಯನ್ನು ಮನೆಯವರು ಗಿರಗಿಟ್ಲೆ ಅನ್ನದೆ ಇನ್ನೇನಂದಾರು?

“ಅಜ್ಜೀ! ಲೇಬಲ್ ಅಂಟ್ಸಿದ್ದೀನಲ್ಲ! ಇಷ್ಟು ದಪ್ಪ ಅಕ್ಷರದಲ್ಲಿ! ಓದ್ಬಾರ್ದಾ?”

“ಓದೋಣ ಬಿಡೇ. ಯಾಕಿಷ್ಟು ಕೂಗಾಡ್ತೀಯ?”

ಕೂಗಾಡದೆ ಇರುವುದು ಹೇಗೆ? ನಿನ್ನೆ ಹೊಸ ವರ್ಷದ ಮೊದಲ ದಿನ. ಅಮ್ಮನ ಫೋನಿನಲ್ಲಿ ‘ಖರ್ಚಿಲ್ಲದೆ ಮನೆಗೆ ಹೊಸ ಲುಕ್’ ಅಂತ ಒಂದು ವಿಡಿಯೋ ಬಂದಿತ್ತು. ಅದನ್ನು ನೋಡಿದ್ದೇ ತಡ, ಗಿರಗಿಟ್ಲೆ ಅಡುಗೆಮನೆಗೆ ನುಗ್ಗಿದ್ದಳು. ಶೆಲ್ಫಿನ ಹಳೇ ಪೇಪರ್ ಕಿತ್ತು ಹೊಸದು ಹಾಸಿದಳು. ಡಬ್ಬಿಗಳನ್ನೆಲ್ಲ ತೊಳೆದು, ಒರೆಸಿ, ಎತ್ತರದಿಂದ ಗಿಡ್ಡಕ್ಕೆ ಸಾಲಾಗಿ ಜೋಡಿಸಿದಳು. ಒಂದೊಂದಕ್ಕೂ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದು ಅಂಟಿಸಿದಳು. ಮುಗಿಯುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು.

ಅಮ್ಮ ನೋಡಿ, “ಪರವಾಗಿಲ್ವೇ! ನಾಳೆ ಸಂಜೆವರೆಗೂ ಅಡುಗೆಮನೆ ಹೀಗೇ ಇದ್ರೆ ಹಾಲ್ ಕೂಡ ನಿನ್ನ ಕೈಗೇ ಕೊಡ್ತೀನಿ. ಮಂಚ, ಕುರ್ಚಿ ಎಲ್ಲಿ ಬೇಕಾದ್ರೂ ಹಾಕ್ಕೋ,” ಅಂದಿದ್ದಳು.

ಇಡೀ ಹಾಲ್! ಮಂಚ ಆ ಕಡೆ, ಕುರ್ಚಿ ಈ ಕಡೆ, ಕಿಟಕಿ ಪಕ್ಕದಲ್ಲಿ ತನ್ನದೇ ಟೇಬಲ್. ರಾತ್ರಿ ಮಲಗಿದಾಗಲೂ ಗಿರಗಿಟ್ಲೆಗೆ ಅದೇ ಯೋಚನೆ.

ಅಪ್ಪ ಟೀ ಇಲ್ಲದೆಯೇ ಡ್ಯೂಟಿಗೆ ಹೋದ. ಅಮ್ಮ ಟೈಲರಿಂಗ್ ಅಂಗಡಿಗೆ ಹೊರಟಳು. ಸ್ಕೂಲಿಗೆ ರಜೆ. ಗಿರಗಿಟ್ಲೆ ಸ್ನಾನ ಮಾಡಿ ಬಂದು ನೋಡುತ್ತಾಳೆ, ಡಬ್ಬಿಗಳು ಹಳೇ ಜಾಗಕ್ಕೆ ವಾಪಸ್! ಗಿಡ್ಡ ಡಬ್ಬಿ ಮುಂದೆ, ಉದ್ದದ್ದು ಹಿಂದೆ, ಒಂದಕ್ಕೂ ತಾಳವಿಲ್ಲ ಮೇಳವಿಲ್ಲ.

ಹಲ್ಲು ಕಚ್ಚಿಕೊಂಡು ಮತ್ತೆ ಜೋಡಿಸಿದಳು. ಕೆಳಗೆ ಹೋಗಿ ಸ್ವಲ್ಪ ಹೊತ್ತು ಆಡಿ ಬಂದಳು. ಮತ್ತೆ ವಾಪಸ್!

“ಅಜ್ಜೀ! ಏನಿದು? ನನ್ನ ಪ್ರಾಣ ತಿನ್ಬೇಕು ಅಂತಲೇ ಇದೀಯಾ?”

“ನನಗೆ ಹೀಗಿದ್ರೇನೇ ಅಭ್ಯಾಸ ಕಣೇ.”

“ಅಭ್ಯಾಸ ಬದಲಾಯಿಸ್ಕೋ! ಹೊಸ ವರ್ಷ ಬಂದಿದೆ! ಹೆಸರು ಬರ್ದಿದೆ, ಓದು, ತಗೋ. ಅದಕ್ಕೂ ಕಷ್ಟಾನಾ?”

“ಓದ್ತಿದ್ದೆ. ಈ ಕನ್ನಡಕ ಎಲ್ಲಿಟ್ಟೆನೋ ಏನೋ. ಹುಡುಕ್ಕೊಡು ನೋಡೋಣ.”

ಗಿರಗಿಟ್ಲೆ ಹಣೆ ಚಚ್ಚಿಕೊಂಡಳು. “ಅಯ್ಯೋ ರಾಮಾ! ಮೂಗಿನ ಮೇಲೇ ಇದೆಯಲ್ಲ!”

ಅಜ್ಜಿಯ ಬೆರಳು ಮೂಗಿನ ಮೇಲೆ ಹೋಯಿತು. ಕನ್ನಡಕ ಅಲ್ಲೇ ಇತ್ತು. ಗಿರಗಿಟ್ಲೆ ಬಿದ್ದು ಬಿದ್ದು ನಕ್ಕಳು. ಅಜ್ಜಿ ಮಾತ್ರ ನಗಲಿಲ್ಲ.

ಮಾತು ಮಾತಿಗೂ ನಗುವ ಅಜ್ಜಿ ಇದಕ್ಕೆ ನಗಲಿಲ್ಲವೆಂದರೆ! ಗಿರಗಿಟ್ಲೆಯ ನಗು ನಿಂತಿತು. ಒಂದು ಡಬ್ಬಿ ಎತ್ತಿ ಅಜ್ಜಿಯ ಮುಖದ ಮುಂದೆ ಹಿಡಿದಳು. “ಇದನ್ನ ಓದು.”

ಅಜ್ಜಿ ಕಣ್ಣು ಕಿರಿದು ಮಾಡಿದಳು. “ಸಕ್ಕರೆ... ಅಲ್ವಾ?”

ಡಬ್ಬಿಯ ಮೇಲೆ ಕೆಂಪು ಅಕ್ಷರದಲ್ಲಿ ಉಪ್ಪು ಎಂದಿತ್ತು.

“ಅಜ್ಜಿ, ನಿನಗೆ ಕಾಣಲ್ವಾ?” ಗಿರಗಿಟ್ಲೆಯ ದನಿ ತನ್ನಷ್ಟಕ್ಕೇ ಸಣ್ಣದಾಯಿತು.

ಅಜ್ಜಿ ಸ್ಟೂಲಿನ ಮೇಲೆ ಕುಳಿತಳು. “ಕಾಣುತ್ತೆ. ನೀನು ಕಾಣ್ತೀಯ, ಕಿಟಕಿ ಕಾಣುತ್ತೆ. ಎಲ್ಲ ಮಂಜು ಮಂಜು, ಅಷ್ಟೇ. ಜಾಗ ಗೊತ್ತಿದ್ರೆ ಕೈ ತಾನಾಗೇ ಹೋಗುತ್ತೆ. ನಿಮ್ಮಮ್ಮಂಗೆ ಹೇಳ್ಬೇಡ ಪುಟ್ಟ.”

“ಯಾಕೆ?”

“ಒಲೆ ಹತ್ರ ಬರ್ಬೇಡಿ ಅಂತಾಳೆ. ಕೂತಲ್ಲಿಗೇ ತಟ್ಟೆ ತಂದಿಡ್ತಾಳೆ. ಆಮೇಲೆ ದಿನವಿಡೀ ನಾನೇನು ಮಾಡ್ಲಿ, ಗೋಡೆ ನೋಡ್ಕೊಂಡು ಕೂರ್ಲಾ?”

ಗಿರಗಿಟ್ಲೆಗೆ ಸಿಟ್ಟೂ ಬಂತು, ಅಳುವೂ ಬಂತು. “ಅಕಸ್ಮಾತ್ ಬೆಂಕಿ ತಗುಲಿದ್ರೆ? ಇವತ್ತೇ ಹೇಳ್ಬೇಕು. ನೀನು ಹೇಳ್ದಿದ್ರೆ ನಾನು ಹೇಳ್ತೀನಿ. ನಿಜವಾಗ್ಲೂ ಹೇಳ್ತೀನಿ!”

ಅಜ್ಜಿ ತಲೆ ತಗ್ಗಿಸಿದಳು.

ಗಿರಗಿಟ್ಲೆ ಶೆಲ್ಫಿನ ಕಡೆ ನೋಡಿದಳು. ಡಬ್ಬಿಗಳು ಅಜ್ಜಿ ಇಟ್ಟ ಹಾಗೇ ಇದ್ದವು. ಕೈಯಲ್ಲಿದ್ದ ಉಪ್ಪಿನ ಡಬ್ಬಿ ಹಿಡಿದು, “ಇದು ಎಲ್ಲಿಗೆ?” ಎಂದು ಕೇಳಿದಳು.

“ಎಡಗಡೆ ತುದಿಗೆ. ಪಕ್ಕದಲ್ಲೇ ಎಣ್ಣೆ,” ಎಂದಳು ಅಜ್ಜಿ, ತಲೆ ಎತ್ತದೆ.

ಸಂಜೆ ಅಪ್ಪ ಬಂದ, ಅಮ್ಮ ಬಂದಳು. ಅಜ್ಜಿ ಚಳಿಯ ವಿಷಯ ಮಾತಾಡಿದಳು. ಅಪ್ಪನ ಬಸ್ಸಿನ ವಿಷಯ ಕೇಳಿದಳು. ಪಕ್ಕದ ಮನೆಯ ನಾಯಿಯ ವಿಷಯವೂ ಬಂತು. ಹೇಳಬೇಕಾದ್ದೊಂದು ಬಿಟ್ಟು ಊರಿನ ಸುದ್ದಿಯೆಲ್ಲ ಬಂತು! ಗಿರಗಿಟ್ಲೆ ಕೂತಲ್ಲೇ ಚಡಪಡಿಸಿದಳು. ಕೊನೆಗೆ ಎದ್ದುಹೋಗಿ ಅಜ್ಜಿಗೆ ಅಂಟಿಕೊಂಡು ಕೂತು ಅವಳ ಕೈ ಹಿಡಿದಳು.

ಅಜ್ಜಿ ಒಂದು ಉಸಿರೆಳೆದುಕೊಂಡಳು. “ನನಗೆ ಸರಿಯಾಗಿ ಕಣ್ಣು ಕಾಣ್ತಿಲ್ಲ ಕಣಮ್ಮ.”

“ಏನಂದ್ರಿ ಅತ್ತೆ?” ಅಮ್ಮ ಗಾಬರಿಯಾದಳು. “ಇಷ್ಟು ದಿನ ಹೀಗೇ ಗ್ಯಾಸ್ ಹಚ್ತಿದ್ರಾ? ನಾಳೆಯಿಂದ ನೀವು ಅಡುಗೆಮನೆ ಕಡೆ ತಲೆ ಹಾಕೋದೇ ಬೇಡ!”

ಗಿರಗಿಟ್ಲೆಯ ಕೈಯೊಳಗಿದ್ದ ಅಜ್ಜಿಯ ಕೈ ಮೆಲ್ಲಗೆ ಹಿಂದೆ ಸರಿಯಿತು.

“ಅದಕ್ಕೇ ಅಮ್ಮ! ನೀನು ಹೀಗಂತೀಯ ಅಂತಲೇ ಅಜ್ಜಿ ಹೇಳ್ಲಿಲ್ಲ!”

ಅಮ್ಮ ಬಂದು ಅಜ್ಜಿಯ ಎದುರು ನೆಲದ ಮೇಲೆ ಕುಳಿತಳು. “ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ ಅತ್ತೆ. ಅಲ್ಲಿವರೆಗೂ ಒಲೆ ನಾನು ಹಚ್ತೀನಿ. ಉಳಿದದ್ದೆಲ್ಲ ನಿಮ್ಮದೇ. ನೀವಿಲ್ದಿದ್ರೆ ನನಗೆಲ್ಲಿ ಆಗುತ್ತೆ?”

ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡಳು. “ಬಿಡು, ಆ ವಿಷಯ ಆಮೇಲೆ,” ಎಂದು ಎದ್ದು ತನ್ನ ಕುರ್ಚಿಯ ಕಡೆ ಹೊರಟಳು.

ಅಮ್ಮ ಗಿರಗಿಟ್ಲೆಯ ತಲೆ ಸವರಿದಳು. “ಡಬ್ಬಿಗಳು ಹಳೇ ಜಾಗಕ್ಕೆ ಹೋದ್ರೂ ಪರವಾಗಿಲ್ಲ, ಹಾಲ್ ನಿನ್ನದೇ. ಹೇಳು, ಮೊದಲು ಏನನ್ನ ಸರಿಸ್ತೀಯ?”

ಗಿರಗಿಟ್ಲೆ ಅಜ್ಜಿಯನ್ನೇ ನೋಡುತ್ತಿದ್ದಳು. ಅಜ್ಜಿಯ ಕೈ ಮಂಚದ ಅಂಚು ಮುಟ್ಟಿತು. ಆಮೇಲೆ ಬೀರುವಿನ ಮೂಲೆ. ಆಮೇಲೆ ಕುರ್ಚಿಯ ಬೆನ್ನು. ದಿನವೂ ಹೀಗೇ ನಡೆಯುತ್ತಿದ್ದಳೇನೋ, ಒಂದು ದಿನವೂ ತಾನು ನೋಡಿರಲಿಲ್ಲ.

“ಏನೂ ಸರಿಸಲ್ಲಮ್ಮ. ಕಿಟಕಿ ಒರೆಸ್ತೀನಿ, ಅಷ್ಟೇ.”

ಅಷ್ಟರಲ್ಲಿ ಮಂಚಕ್ಕೂ ಬೀರುವಿಗೂ ನಡುವೆ ಬಿದ್ದಿದ್ದ ತನ್ನ ಸ್ಕೂಲ್ ಬ್ಯಾಗ್ ಕಣ್ಣಿಗೆ ಬಿತ್ತು. ಯಾರೂ ಹೇಳದೆಯೇ ಅದನ್ನೆತ್ತಿ ಗೋಡೆಯ ಮೊಳೆಗೆ ನೇತುಹಾಕಿದಳು.