ಮೊಣಕಾಲ ಹಿಂದಿನ ಎರಡು ಗೆರೆ

ಕ್ರೀಡಾಂಗಣದ ಮೆಟ್ಟಿಲ ಬುಡದಲ್ಲಿ ಬೋರಲಾಗಿ ಬಿದ್ದಿದ್ದವನು ಸತ್ತೇ ಹೋಗಿದ್ದಾನೆ ಅಂದುಕೊಂಡು ಬಣ್ಣ ಬಳಿಯುವವನು ಡಬ್ಬಿ ಬಿಸಾಕಿ ಓಡಿದ. ಸ್ವಲ್ಪ ದೂರ ಹೋದ ಮೇಲೆ ಬೆನ್ನ ಹಿಂದೆ ನರಳಾಟ ಕೇಳಿಸಿತು. ಸತ್ತವರು ನರಳುವುದಿಲ್ಲ. ಧೈರ್ಯ ತಂದುಕೊಂಡು ವಾಪಸು ಬಂದ. ಪೊಲೀಸರಿಗೆ ಫೋನ್ ಮಾಡಿದ.

ಇನ್ಸ್‌ಪೆಕ್ಟರ್ ಆಗಷ್ಟೇ ಠಾಣೆಗೆ ಬಂದು ಟೋಪಿ ಮೇಜಿನ ಮೇಲಿಟ್ಟಿದ್ದಳು. ಅದನ್ನೇ ಮತ್ತೆ ತಲೆಗೇರಿಸಿ ಜೀಪು ಹತ್ತಿದಳು.

"ಕ್ರೀಡಾಂಗಣ. ಯಾರೋ ಬಿದ್ದಿದ್ದಾನಂತೆ. ಬೇಗ ನಡಿ."

ಜೀಪು ಓಡಿಸುತ್ತಿದ್ದ ಪೇದೆ ಇತ್ತೀಚೆಗಷ್ಟೇ ವರ್ಗವಾಗಿ ಬಂದವನು. ಮಾತು ಕಡಿಮೆ, ಕೆಲಸ ಚುರುಕು. ಅವನು ದೊಡ್ಡ ರಸ್ತೆಯ ಗೇಟಿಗೆ ಹೋಗದೆ ಸಾಮಿಲ್ಲಿನ ಹಿಂದಿನ ಓಣಿಗೆ ತಿರುಗಿಸಿದ. ಕ್ರೀಡಾಂಗಣಕ್ಕೆ ಆ ಕಡೆಯಿಂದಲೂ ಒಂದು ಗೇಟಿರುವುದು ಅವಳಿಗೇ ಗೊತ್ತಿರಲಿಲ್ಲ. ಹುಡುಗ ಊರು ಚೆನ್ನಾಗಿ ಸುತ್ತಿದ್ದಾನೆ ಅಂದುಕೊಂಡು ಸುಮ್ಮನಾದಳು.

ಬಿದ್ದವನು ಇಪ್ಪತ್ತರ ಆಸುಪಾಸಿನ ಯುವಕ. ಕಾಲಲ್ಲಿ ಓಟದ ಬೂಟು. ಎಡಗಾಲು ಇರಬಾರದ ಕಡೆಗೆ ತಿರುಗಿತ್ತು.

"ಇವನು ಕಿಡಿ ಅಲ್ವಾ ಮೇಡಂ," ಎಂದ ಬಣ್ಣದವನು. "ವೆಲ್ಡಿಂಗ್ ಅಂಗಡಿಯೋನು. ಮಿಲಿಟರಿ ಸೇರ್ತೀನಿ ಅಂತ ದಿನಾ ಬೆಳಿಗ್ಗೆ ಇಲ್ಲಿ ಮೆಟ್ಟಿಲು ಹತ್ತಿ ಇಳೀತಾನೆ. ಮುಂದಿನ ಗೇಟಿಗೆ ನಿನ್ನೆ ಸಂಜೆ ಬಣ್ಣ ಹೊಡ್ದು ಬೀಗ ಹಾಕಿದ್ದೆ. ಪಾಪ, ಹಿಂದಿನ ಗೇಟಿಂದ ಬಂದಿರಬೇಕು."

ಇನ್ಸ್‌ಪೆಕ್ಟರ್ ಬಗ್ಗಿದಳು. "ಯಾರಪ್ಪ ಹೊಡೆದಿದ್ದು?"

ಕಿಡಿ ಕಣ್ಣು ತೆರೆದ. ಅವಳನ್ನು ನೋಡಿದ. ಅವಳ ಹಿಂದೆ ನಿಂತಿದ್ದ ಖಾಕಿಯನ್ನೂ ನೋಡಿದ.

"ಯಾರೂ ಇಲ್ಲ. ಕಾಲು ಜಾರ್ತು."

*

"ಕಾಲು ಜಾರಿದ್ದಂತೆ!" ಆಸ್ಪತ್ರೆಯ ಡಾಕ್ಟರು ಮೂಗು ಮುರಿದರು. "ಜಾರಿದ್ರೆ ಪಾದದ ಗಂಟು ಉಳುಕತ್ತೆ, ಮುಂಗೈ ಮುರಿಯತ್ತೆ. ಇವನಿಗೆ ಮೊಣಕಾಲಿನ ಹಿಂಭಾಗಕ್ಕೇ ಪೆಟ್ಟು ಬಿದ್ದಿದೆ. ಅದೂ ಒಂದೇ ಜಾಗಕ್ಕೆ ಎರಡು ಸಲ. ಒಳಗಿನ ನಾರೆಲ್ಲ ಹರಿದುಹೋಗಿದೆ. ನೋಡಿ ಬೇಕಾದ್ರೆ."

ಹೊದಿಕೆ ಸರಿಸಿದರು. ಚರ್ಮ ಒಡೆದಿರಲಿಲ್ಲ. ಬಾತುಕೊಂಡ ಮಾಂಸದ ಮೇಲೆ ಒಂದರ ಪಕ್ಕ ಒಂದು, ಕೆಂಪನೆಯ ಎರಡು ಗೆರೆ. ನಡುವೆ ಮಾಸಲು ಬಿಳುಪು.

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. ಆ ಗುರುತು ಅವಳಿಗೆ ಗೊತ್ತಿತ್ತು. ದುಂಡನೆಯ ಬೆತ್ತ ಬೀಸಿ ಹೊಡೆದರೆ ಒಂದೇ ಪೆಟ್ಟಿಗೂ ಎರಡು ಗೆರೆ ಏಳುವುದು ಹಾಗೆಯೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಗೆರೆಗಳನ್ನು ಎಷ್ಟೋ ಮೈಗಳ ಮೇಲೆ ಕಂಡು ಕಾಣದವಳಂತೆ ನಡೆದಿದ್ದಳು. ಬೆತ್ತ ಹಿಡಿಯುವವರು ಊರಲ್ಲಿ ಬೇರೆಯವರೂ ಇರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು.

ಹೊರಗೆ ಬೆಂಚಿನ ಮೇಲೆ ಕಿಡಿಯ ಅಕ್ಕ ಕೂತಿದ್ದಳು. ಟೈಲರ್. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಅಪ್ಪ ಅಮ್ಮ ಇಬ್ರೂ ಇಲ್ಲ ಮೇಡಂ. ನಾನೇ ಸಾಕಿದ್ದು. ಚಿಕ್ಕೋನಿದ್ದಾಗ ಒಂದು ತಪ್ಪು ಮಾಡ್ದ. ಗೋದಾಮಿಗೆ ಕನ್ನ ಹಾಕಕ್ಕೆ ಹೋಗಿ ಕಾವಲುಗಾರನ ತಲೆಗೆ ಹೊಡ್ದ. ಪಾಪ, ಅವರ ಒಂದು ಕಣ್ಣು ಹೋಯ್ತು. ಶಿಕ್ಷೆ ಆಯ್ತು, ಹುಡುಗರ ಜೈಲಲ್ಲಿದ್ದು ಬಂದ."

"ಅದಿದ್ರೂ ಮಿಲಿಟರಿಗೆ ತಗೋತಾರಾ?"

"ಮುಚ್ಚಿಡಬೇಕಾಗಿತ್ತು, ನೀನ್ಯಾಕೆ ಹೇಳೋಕೆ ಹೋದೆ ಅಂತ ಎಲ್ರೂ ಬೈದ್ರು. ಇವನು ಮೊದಲ ದಿನವೇ ಭರ್ತಿಗೆ ಬಂದಿರೋ ಮೇಜರ್ ಹತ್ರ ಹೋಗಿ ಎಲ್ಲಾ ಹೇಳ್ಬಿಟ್ಟ. ಅವರು ಒಳ್ಳೆಯೋರು. ನಾಳೆನೇ ಆಯ್ಕೆ ಬೋರ್ಡು, ಅಲ್ಲಿಗೆ ಬಾ, ತೀರ್ಮಾನ ಮಾಡೋಣ ಅಂದಿದ್ರು." ಅವಳು ಟೇಪನ್ನು ಬೆರಳಿಗೆ ಸುತ್ತಿದಳು. "ಆ ಬಟ್ಟೆ ಹಾಕ್ಕೊಂಡ್ರೆ ಜನ ನನ್ ಮುಖ ಬಿಟ್ಟು ಬಟ್ಟೆ ನೋಡ್ತಾರೆ ಅಕ್ಕ ಅಂತಿದ್ದ. ಯಾವಾಗ್ಲೂ ಅದೇ ಜಪ."

"ಇವನ ಮೇಲೆ ಹಗೆ ಇದ್ದವರು?"

"ಆ ಕಾವಲುಗಾರರ ಮಗ. ಟೈರ್ ಅಂಗಡಿ ಇಟ್ಕೊಂಡಿದ್ದಾನೆ. ಮೊನ್ನೆ ವೆಲ್ಡಿಂಗ್ ಅಂಗಡಿಗೆ ಬಂದು ರಂಪ ಮಾಡ್ದ. ನಮ್ಮಪ್ಪನ ಕಣ್ಣು ಕಿತ್ತೋನು ದೇಶ ಕಾಯ್ತಾನಂತೆ, ಅದ್ಹೇಗೆ ಹೋಗ್ತೀಯೋ ನೋಡ್ತೀನಿ ಅಂದ."

ಇನ್ಸ್‌ಪೆಕ್ಟರ್ ಕೆಳಗಿಳಿದಳು. ಪೇದೆ ಒಳಗೆ ಬಂದೇ ಇರಲಿಲ್ಲ. ಜೀಪಿನ ಬಳಿಯೇ ನಿಂತಿದ್ದ.

"ಟೈರ್ ಅಂಗಡಿಯೋನು ಮೇಡಂ," ಎಂದ, ವಿಷಯ ಕೇಳಿದ ಕೂಡಲೇ. "ಹೋದ ವಾರ ಮಿಲಿಟರಿ ವೆರಿಫಿಕೇಶನ್ನಿಗೆ ನೀವು ಕಳಿಸಿದ್ರಲ್ಲ, ಆಗ ಅವರ ಮನೆಗೂ ಹೋಗಿದ್ದೆ. ಮುದುಕ ಕಿಡಿಯ ಹೆಸರು ಎತ್ತಿದ್ರೆ ಬೆಂಕಿ ಕಾರ್ತಾನೆ. ಮಗ ಅವನಪ್ಪನಂತೆ. ಬೇರೆ ಯಾರಿದ್ದಾರೆ?"

*

ಟೈರ್ ಅಂಗಡಿಯವನು ಲಾರಿಯ ಅಡಿಯಿಂದ ತಲೆ ಹೊರಹಾಕಿದ. ಮುಖವೆಲ್ಲ ಗ್ರೀಸು.

"ಬೈದಿದ್ದು ನಿಜ. ಹೊಡೀಲಿಲ್ಲ. ನಸುಕಿಂದ ಈ ಲಾರಿ ಕೆಳಗೇ ಬಿದ್ಕೊಂಡಿದ್ದೀನಿ. ಬೇಕಾದ್ರೆ ಇವರನ್ನ ಕೇಳಿ."

ಲಾರಿಯ ಡ್ರೈವರ್ ಸಿಟ್ಟಿನಲ್ಲೇ ಇದ್ದ. "ಎದ್ದು ಹೋಗಿದ್ರೆ ನಾನು ಬಿಡ್ತಿದ್ನಾ ಮೇಡಂ? ಮಾಲು ಕೊಳೀತಾ ಇದೆ. ಅವನ ಕಾಲಿನ ಹತ್ರವೇ ಸ್ಟೂಲ್ ಹಾಕ್ಕೊಂಡು ಕೂತಿದ್ದೀನಿ."

ಅಂಗಡಿಯ ಹಿಂದೆಯೇ ಮನೆ. ಹಳೆಯ ಕಾವಲುಗಾರ ಕುರ್ಚಿಯಲ್ಲಿ ಕೂತು ರೇಡಿಯೋ ರಿಪೇರಿ ಮಾಡುತ್ತಿದ್ದ. ಉಳಿದ ಒಂದು ಕಣ್ಣಿಗೆ ಸ್ಕ್ರೂ ಡ್ರೈವರ್ ತಾಗುವಷ್ಟು ಬಗ್ಗಿದ್ದ. ಪೇದೆ ಈ ಸಲವೂ ಹೊರಗೇ ಉಳಿದ.

ಸುದ್ದಿ ಕೇಳಿ ಮುದುಕನ ಕೈ ನಿಂತಿತು.

"ಮೊಣಕಾಲಿಗಾ? ಅಯ್ಯೋ ಪಾಪಿಗಳಾ! ನಾಳೆ ಬೋರ್ಡಿಗೆ ನಾನೂ ಬರ್ತೀನಿ ಅಂದಿದ್ದೆ ಅವನಿಗೆ."

ಇನ್ಸ್‌ಪೆಕ್ಟರ್ ಬೆಚ್ಚಿದಳು. "ಅವನ ವಿರುದ್ಧ ಹೇಳೋದಕ್ಕಾ ಯಜಮಾನರೆ?"

"ವಿರುದ್ಧ ಯಾಕೆ? ಅವನ ಪರವಾಗಿ! ಅವತ್ತು ಗೋದಾಮಿಗೆ ಬಂದೋರು ಇಬ್ರು. ಹೊಡ್ದೋನು ಹೊಡ್ದು ಓಡಿಹೋದ. ಇನ್ನೊಬ್ಬ ತನ್ನ ಅಂಗಿ ಬಿಚ್ಚಿ ನನ್ನ ತಲೆಗೆ ಕಟ್ಟಿದ. ಜನ ಬರೋವರೆಗೂ ಒತ್ತಿ ಹಿಡ್ಕೊಂಡಿದ್ದ. ಅದಕ್ಕೇ ಸಿಕ್ಕಿಬಿದ್ದ. ನಂಗೆ ನೆಟ್ಟಗೆ ಜ್ಞಾನ ಬರೋ ಹೊತ್ತಿಗೆ ಒಬ್ಬನೇ ಮಾಡಿದ್ದು ಅಂತ ಅವನೇ ಒಪ್ಕೊಂಡು ಎಲ್ಲಾ ಮುಗ್ದಿತ್ತು. ಆಮೇಲೆ ನನ್ನನ್ನ ಯಾರು ಕೇಳ್ತಾರೆ? ಹದಿನೈದು ದಿನದ ಹಿಂದೆ ಅವನ ಅಕ್ಕ ಬಂದು ಕೈ ಹಿಡ್ಕೊಂಡು ಅತ್ಲು. ಸರಿ, ಇದ್ದಿದ್ದು ಇದ್ದ ಹಾಗೆ ಬೋರ್ಡ್ ಮುಂದೆ ಹೇಳ್ತೀನಮ್ಮ ಅಂದೆ."

"ಇಬ್ಬರಿದ್ರು ಅಂತ ಅವಳಿಗೂ ಹೇಳಿದ್ರಾ?"

"ಇಲ್ಲ. ಮಗನಿಗೂ ಹೇಳಿಲ್ಲ. ಹೇಳಿದ್ರೆ ಆ ಇನ್ನೊಬ್ಬನನ್ನ ಹುಡುಕ್ಕೊಂಡು ಹೊರಟುಬಿಡ್ತಾನೆ."

"ಮತ್ತೆ ಯಾರಿಗೂ ಹೇಳಿಲ್ಲವಾ?"

"ಯಾಕಿಲ್ಲ? ನಿಮ್ಮವರಿಗೇ ಹೇಳಿದ್ದೀನಿ, ಬೋರ್ಡಿಗೆ ಬಂದು ಹೇಳ್ತೀನಿ ಅಂತಲೂ ಅಂದಿದ್ದೀನಿ. ವಿಚಾರಣೆಗೆ ಬಂದಿದ್ದನಲ್ಲ ಒಬ್ಬ ಹುಡುಗ, ತುಂಬಾ ವಿನಯ ಅವನದು. ನೀರು ಕೊಟ್ರೆ ಅದನ್ನೂ ಕುಡೀದೆ ಎದ್ದು ಹೋದ."

*

ಇನ್ಸ್‌ಪೆಕ್ಟರ್ ಮತ್ತೆ ಆಸ್ಪತ್ರೆಗೆ ಬಂದಳು. ಪೇದೆ ಜೀಪಿನ ಬಳಿಯೇ ಉಳಿದ. ಮೇಲೆ ಹೋಗಿ ಅಕ್ಕನನ್ನು ಕಿಟಕಿಯ ಹತ್ತಿರ ಕರೆದಳು.

"ಕೆಳಗೆ ಜೀಪಿನ ಪಕ್ಕ ನಿಂತಿದ್ದಾನಲ್ಲ, ಗೊತ್ತಾ?"

"ಟೋಪಿ ಹಾಕಿದ್ದಾನೆ, ಸರಿಯಾಗಿ ಕಾಣಲ್ಲ..."

ಸೆಕೆಗೆ ಪೇದೆ ಟೋಪಿ ತೆಗೆದು ಹಣೆ ಒರೆಸಿಕೊಂಡ. ಅಕ್ಕ ಸರಳು ಹಿಡಿದುಕೊಂಡಳು.

"ಅರೆ! ನಮ್ಮ ಪಕ್ಕದ ಮನೆಯೋನು! ಯಾವಾಗ ಪೊಲೀಸಾದ? ಇಬ್ರೂ ಒಂದೇ ತಟ್ಟೇಲಿ ಉಂಡು ಬೆಳೆದೋರು ಮೇಡಂ. ಇವನು ಜೈಲಿಗೆ ಹೋದ ಮೇಲೆ ಅವನ ಮನೆಯೋರು ಊರು ಬಿಟ್ರು. ಬಂದಿದ್ರೂ ಒಂದು ಸಲ ಮುಖ ತೋರಿಸಲಿಲ್ವಲ್ಲ..." ಅವಳು ನಿಧಾನವಾಗಿ ತಮ್ಮನ ಹಾಸಿಗೆಯ ಕಡೆ ತಿರುಗಿದಳು.

ಕಿಡಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

*

"ಬಾಗಿಲು ಹಾಕು," ಎಂದಳು ಇನ್ಸ್‌ಪೆಕ್ಟರ್, ಠಾಣೆಯ ತನ್ನ ಕೋಣೆಯಲ್ಲಿ. "ನಿನ್ನ ಲಾಠಿ ಎಲ್ಲಿ?"

ಪೇದೆ ತಂದಿಟ್ಟ. ಮೆರುಗು ಇನ್ನೂ ಮಾಸದ ಹೊಸ ಲಾಠಿ.

"ಹಳೇದು?"

"ಸೀಳಿತ್ತು ಮೇಡಂ. ಬೆಳಿಗ್ಗೆ ಬದಲಾಯಿಸ್ಕೊಂಡೆ."

"ಇವತ್ತೇ ಬೆಳಿಗ್ಗೆ." ಅವಳು ಕುರ್ಚಿಗೆ ಒರಗಿದಳು. "ಕೂತ್ಕೋ. ನಾನು ಹೇಳ್ತೀನಿ, ತಪ್ಪಿದ್ದಲ್ಲಿ ತಿದ್ದು. ಬಂದ ದಿನ ನೀನೇ ಹೇಳಿದ್ದೆ, ಈ ಊರು ನಂಗೆ ಹೊಸದು ಅಂತ. ಹುಟ್ಟಿ ಬೆಳೆದ ಊರು ಹೊಸದು ಯಾಕಾಯ್ತು ನಿಂಗೆ?"

ಪೇದೆ ಕೂರಲಿಲ್ಲ.

"ಬೆಳಿಗ್ಗೆ ನಾನು ಕ್ರೀಡಾಂಗಣ ಅಂದೆ, ಅಷ್ಟೇ. ನೀನು ನೇರವಾಗಿ ಹಿಂದಿನ ಗೇಟಿಗೆ ಓಡಿಸ್ದೆ. ಮುಂದಿನದಕ್ಕೆ ಬೀಗ ಬಿದ್ದದ್ದು ನಿನ್ನೆ ಸಂಜೆ. ಅಲ್ಲಿ ಹೋಗಿ ನೋಡದೆ ನಿಂಗೆ ಹೇಗೆ ಗೊತ್ತಾಯ್ತು? ಆ ಮುದುಕ ಬೆಂಕಿ ಕಾರ್ತಾನೆ ಅಂದೆ. ಹೋಗಿ ಕೇಳಿದ್ರೆ ಕಿಡಿಯ ಪರವಾಗಿ ಸಾಕ್ಷಿ ಹೇಳೋಕೆ ಸಿದ್ಧವಾಗಿ ಕೂತಿದ್ದಾನೆ. ಇಬ್ಬರಿದ್ರು ಅನ್ನೋದು ಅವನಿಗೆ ಬಿಟ್ರೆ ಗೊತ್ತಿದ್ದದ್ದು ಕಿಡಿಗೆ ಮತ್ತೆ ನಿಂಗೆ. ಕಿಡಿ ಬಾಯಿ ಬಿಡಲ್ಲ ಅಂತ ನಿಂಗೆ ಧೈರ್ಯವಿತ್ತು. ಆದ್ರೆ ಬೋರ್ಡ್ ನಡೆದ್ರೆ ಮುದುಕ ಬರ್ತಾನೆ. ಬಂದ್ರೆ, ಆ ಇನ್ನೊಬ್ಬ ಯಾರು ಅಂತ ಮೇಜರ್ ಕೇಳ್ತಾರೆ. ಕಿಡಿ ಹೋಗದಿದ್ರೆ ಇದ್ಯಾವುದೂ ಆಗಲ್ಲ. ಆಸ್ಪತ್ರೆ ಒಳಗೆ ಕಾಲಿಡದೆ ಇದ್ದದ್ದು ಅವನ ಅಕ್ಕನ ಕಣ್ಣಿಗೆ ಬೀಳಬಾರದು ಅಂತ. ಇನ್ನು ಆ ಗೆರೆಗಳು. ಮೊಣಕಾಲಿನ ಹಿಂದೆ ಎಲ್ಲಿ ಹೊಡೆದ್ರೆ ಮನುಷ್ಯ ಕುಸೀತಾನೆ ಅಂತ ನಿಂಗೂ ನಂಗೂ ತರಬೇತಿ ಮೈದಾನದಲ್ಲೇ ಕಲಿಸಿದ್ರಲ್ಲ."

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಮೇಲಧಿಕಾರಿ. ಬಿದ್ದೆ ಅಂತ ಹುಡುಗನೇ ಹೇಳುತ್ತಿರುವಾಗ ಕೇಸು ಯಾಕೆ, ಸುಮ್ಮನೆ ಮುಗಿಸಿ ಎಂದರು.

"ಮುಗಿಸ್ತಾ ಇದ್ದೀನಿ ಸರ್," ಎಂದು ಅವಳು ಫೋನಿಟ್ಟಳು.

ಪೇದೆ ಮೇಜಿನ ಮೇಲಿನ ಹೊಸ ಲಾಠಿಯನ್ನೇ ನೋಡಿದ. "ಅವನು ಕಾಲು ಜಾರ್ತು ಅಂತಲೇ ಅಂತಾನೆ ಮೇಡಂ. ನನ್ನ ಹೆಸರು ಹೇಳಲ್ಲ."

"ಗೊತ್ತು. ನಿನ್ನ ಜೀವಮಾನವೆಲ್ಲ ಅದರ ಮೇಲೇ ನಿಂತಿದೆ."

ಆಗ ಅವನು ಕೂತ. ಕೂತದ್ದಲ್ಲ, ಕುಸಿದ.

"ಸಾಯಿಸಬೇಕು ಅಂತಿರಲಿಲ್ಲ. ಬೋರ್ಡ್ ತಪ್ಪಿದ್ರೆ ಸಾಕಿತ್ತು. ವೆರಿಫಿಕೇಶನ್ನಿಗೆ ವೆಲ್ಡಿಂಗ್ ಅಂಗಡಿಗೆ ಹೋದಾಗ ನನ್ನ ನೋಡಿ ಎಷ್ಟು ಖುಷಿಪಟ್ಟ ಗೊತ್ತಾ ಮೇಡಂ? ಅಕ್ಕನಿಗೆ ಹೇಳ್ಬೇಡ ಅಂದ್ರೆ ಅದಕ್ಕೂ ಹೂಂ ಅಂದ. ಅಬ್ಬಾ, ನೀನಾದ್ರೂ ಉದ್ಧಾರ ಆದ್ಯಲ್ಲೋ ಅಂದ. ಯಾಕೋ ಅದೇ ತಡ್ಕೊಳ್ಳಕ್ಕಾಗ್ಲಿಲ್ಲ." ಮುಖ ಮುಚ್ಚಿಕೊಂಡ. "ಲಾಠಿ ಹಿಂದಿನ ಗೇಟಿನ ಮೋರಿಯಲ್ಲಿದೆ."

ಅವಳು ಎದ್ದು ಅವನ ಸೊಂಟದ ಬೆಲ್ಟು ತಾನೇ ಬಿಚ್ಚಿ ತೆಗೆದಳು. ಆ ಕೆಲಸವನ್ನು ಬೇರೆಯವರಿಗೆ ಹೇಳಲು ಮನಸ್ಸು ಬರಲಿಲ್ಲ.

*

ಮಾರನೆಯ ದಿನ ಬೋರ್ಡಿನ ಮುಂದೆ ಕಿಡಿಯ ಬದಲು ಮುದುಕ ನಿಂತ. ಯಾರು ಎಷ್ಟು ಹೇಳಿದರೂ ಕೇಳದೆ ಹೋಗಿ, ಹೇಳಬೇಕಾದ್ದನ್ನು ಹೇಳಿಯೇ ಬಂದ. ಇನ್ಸ್‌ಪೆಕ್ಟರ್ ಮೇಜರನ್ನು ಕಂಡು ಅಲ್ಲಿಂದ ಆಸ್ಪತ್ರೆಗೆ ನಡೆದಳು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಅವನು ಒಪ್ಕೊಂಡಿದ್ದಾನೆ."

ಕಿಡಿ ಸೀಲಿಂಗು ನೋಡುತ್ತಿದ್ದ. "ಅವನೇ ಅಂತ ಗೊತ್ತಿತ್ತು ಮೇಡಂ. ಹೊಡೆದೋನು ಮೂಗು ಎಳೀತಿದ್ದ. ಅಳ್ತಾ ಅಳ್ತಾ ಹೊಡ್ದ. ನನಗೋಸ್ಕರ ಅಳೋರು ಈ ಊರಲ್ಲಿ ಇನ್ಯಾರಿದ್ದಾರೆ, ಅಕ್ಕನ ಬಿಟ್ರೆ?"

"ಗೊತ್ತಿದ್ದೂ ಸುಮ್ಮನಿದ್ಯಾ?"

"ಮತ್ತೆ ಕೇಸು, ಕೋರ್ಟು ಅಂತ ನನ್ನ ಹೆಸರು ಬಂದ್ರೆ ಮಿಲಿಟರಿಯೋರು ತಿರುಗಿ ನೋಡ್ತಾರಾ? ಮೊಣಕಾಲು ವಾಸಿಯಾಗತ್ತೆ, ಬರೋ ವರ್ಷ ಹೋಗೋಣ ಅಂತ..." ತಟ್ಟನೆ ತಲೆ ತಿರುಗಿಸಿದ. "ಮೇಜರ್ ಏನಂದ್ರು?"

ಹೇಳದೆ ಎದ್ದು ಹೋಗುವ ದಾರಿ ಇರಲಿಲ್ಲ.

"ನೀನು ಜೈಲಿಗೆ ಹೋಗಿ ಬಂದದ್ದು ಅವರಿಗೆ ಅಡ್ಡಿ ಅಲ್ಲವಂತೆ. ಮುಚ್ಚುಮರೆ ಇಲ್ಲದೆ ಹೇಳಿದವನು ಅಂತ ತಗೊಳ್ಳೋಕೆ ಮನಸ್ಸು ಮಾಡಿದ್ರಂತೆ." ಒಂದು ಕ್ಷಣ ನಿಲ್ಲಿಸಿದಳು. "ಕಾಲಿನ ಬಗ್ಗೆ ಡಾಕ್ಟರನ್ನ ಕೇಳಿದೆ. ನಡೀಬಹುದು. ಮೆಟ್ಟಿಲು ಹತ್ತಬಹುದು. ಹೊರೆ ಹೊತ್ತು ಓಡೋದು... ಇನ್ನಾಗಲ್ಲ."

ಕಿಡಿ ಮತ್ತೆ ಸೀಲಿಂಗಿನ ಕಡೆ ತಿರುಗಿದ. ಪಕ್ಕದ ಹಾಸಿಗೆಯವನು ಕೆಮ್ಮಿದ. ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೂ ಬಾರದೆ ಹೊರಗೂ ಹೋಗದೆ ಸೆರಗು ಕಚ್ಚಿಕೊಂಡಳು.

"ಅವತ್ತೇ ನಾನು ಬಾಯಿ ಬಿಟ್ಟಿದ್ರೆ," ಎಂದ ಕಿಡಿ ಕೊನೆಗೆ, "ಅವನೂ ಶಿಕ್ಷೆ ಮುಗಿಸಿ ಇಷ್ಟೊತ್ತಿಗೆ ಆರಾಮಾಗಿ ಇರ್ತಿದ್ದ. ನಾನು ಉಳಿಸಿದೆ ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದಳು. ಬಲವಂತ ಮಾಡಲಿಲ್ಲ.

ಅವನು ಮೊಣಕೈ ಊರಿ ಮೇಲಕ್ಕೆ ಜರುಗಿ ದಿಂಬಿಗೆ ಒರಗಿದ. ನೋವಿಗೆ ತುಟಿ ಬಿಳಚಿತು.

"ಬರ್ಕೊಳ್ಳಿ ಮೇಡಂ. ಗೋದಾಮಿಂದಲೇ ಶುರು ಮಾಡ್ತೀನಿ. ಈ ಸಲ ಇಬ್ರು ಅಂತ ಬರ್ಕೊಳ್ಳಿ."