ಗಾಳದ ಹೆಸರಲ್ಲಿ ಬಲೆಯ ಮೀನು

ದಡ್ ಅಂತ ಶಟರ್ ಬಿತ್ತು!

ಕಾಮಗೆರೆಯ ಆ ಗೋಡೌನಿನಲ್ಲಿ ನಾನೊಬ್ಬಳೇ ಹೆಂಗಸು. ಎದುರಿಗೆ ಮೇಸ್ತ್ರಿ ಮಾದು, ಕೈಯಲ್ಲಿ ಕಬ್ಬಿಣದ ರಾಡ್. ಅವನ ಹಿಂದೆ ಓನರ್ ಪ್ರಭುಸ್ವಾಮಿ. ಬಿಳಿ ಅಂಗಿ, ತಣ್ಣನೆಯ ನಗು.

“ಫೋನ್ ಕೊಡವ್ವಾ.”

“ಚಾರ್ಜಿಲ್ಲ ಸಾ.”

ರಾಡ್ ಬೀಸಿ ಬಂತು. ಎಡಭುಜ ಜೋಮು ಹಿಡಿಯಿತು... ಕೆಳಗೆ ಬಿದ್ದ ಫೋನಿನ ಮೇಲೆ ಮಾದು ಬೂಟುಗಾಲಿಟ್ಟು ಹೊಸಕಿದ. ಬೆಳಗಿನಿಂದ ಕದ್ದು ತೆಗೆದ ವಿಡಿಯೋ ಪುಡಿಪುಡಿ!

ನಾನು ರತ್ನ. ಹೋಮ್‌ಗಾರ್ಡ್ ಕೆಲಸ ಬಿಟ್ಟಮೇಲೆ ಕೊಳ್ಳೇಗಾಲದಲ್ಲಿ ಪತ್ತೇದಾರಿಕೆ. ಮದುವೆಗೆ ಮುಂಚೆ ಗಂಡಿನ ಚರಿತ್ರೆ ಕೆದಕುವುದು, ಕಳುವಾದ ಬೈಕ್ ಹುಡುಕುವುದು... ಸಮುದ್ರದ ಮೀನಿನ ಕೇಸು ಇದೇ ಮೊದಲು.

ಕೇಸು ತಂದವಳು ಪವಿತ್ರ. ಪೇಟೆಯಲ್ಲಿ ಲೇಡೀಸ್ ಜಿಮ್ ನಡೆಸುತ್ತಾಳೆ. ಅಲ್ಲಿನ ಹೆಂಗಸರು ಪ್ರೋಟೀನಿಗೆ ಅಂತ ಡಬ್ಬಿಯಲ್ಲಿ ಬರುವ ಟ್ಯೂನಾ ಮೀನು ತಿನ್ನುತ್ತಾರೆ. ದೊಡ್ಡ ಬಲೆ ಎಳೆದರೆ ಟ್ಯೂನಾ ಜೊತೆ ಆಮೆ, ಡಾಲ್ಫಿನ್, ಮರಿಮೀನು ಎಲ್ಲವೂ ಸಾಯುತ್ತವೆ ಎಂದು ತಿಳಿದದ್ದೇ ತಡ, ಪಟ್ಟು ಹಿಡಿದರು. ಗಾಳ ಹಾಕಿ ಹಿಡಿದದ್ದಾದರೆ ಮಾತ್ರ ಕೊಳ್ಳುತ್ತೇವೆ!

ಕೊಳ್ಳೇಗಾಲ, ಹನೂರು, ಯಳಂದೂರು... ಎಲ್ಲ ಕಡೆ ಬಲೆಯ ಮೀನಿನ ಡಬ್ಬಿಗೆ ಧೂಳು ಹಿಡಿಯಿತು.

ಆಮೇಲೆ ಇದ್ದಕ್ಕಿದ್ದಂತೆ ಡಬ್ಬಿ ಡಬ್ಬಿಯ ಮೇಲೂ ‘ಗಾಳದ ಮೀನು’ ಎಂಬ ಹಸಿರು ಸ್ಟಿಕ್ಕರ್!

“ನಂಗ್ಯಾಕೋ ಡೌಟು ಕಣಕ್ಕಾ. ಒಸಿ ನೋಡ್ಕಂಡ್ ಬಾ” ಅಂದಿದ್ದಳು ಪವಿತ್ರ.

ಅಂಗಡಿಗಳಿಗೆ ಆ ಡಬ್ಬಿ ಕಳಿಸುವ ಪ್ರಭುಸ್ವಾಮಿಯ ಗೋಡೌನಿಗೆ ಕೂಲಿಯವಳಾಗಿ ಸೇರಿದೆ. ಕೆಲಸ ಏನು ಗೊತ್ತೇ? ಡಬ್ಬಿಯ ಮೇಲಿನ ‘ಬಲೆಯಲ್ಲಿ ಹಿಡಿದದ್ದು’ ಎಂಬ ಅಕ್ಷರ ಮುಚ್ಚುವ ಹಾಗೆ ಹಸಿರು ಸುಳ್ಳು ಅಂಟಿಸುವುದು! ವಿಡಿಯೋ ತೆಗೆಯುವಾಗ ಮಾದುವಿನ ಕಣ್ಣಿಗೆ ಬಿದ್ದೆ.

“ಕೊಳ್ಳೇಗಾಲ್ದೋರ್ಗೂ ಸಮುದ್ರಕ್ಕೂ ಏನವ್ವಾ ಸಂಬಂಧ?” ಪುಡಿಯಾದ ಫೋನನ್ನು ಕಾಲಲ್ಲಿ ಪಕ್ಕಕ್ಕೆ ಸರಿಸುತ್ತ ಪ್ರಭುಸ್ವಾಮಿ ಕೇಳಿದ.

“ತಿನ್ನೋ ಬಾಯಿ ನಮ್ದಲ್ವಾ ಸಾ?”

“ಬಾಯಿ ಜಾಸ್ತಿ ಆಯ್ತು. ಮಾದು...”

ಪಕ್ಕದ ಡಬ್ಬಿ ರಾಶಿಗೆ ಜಾಡಿಸಿ ಒದ್ದೆ. ಗಡಗಡ ಉರುಳಿದವು. ಮಾದು ಕಾಲು ಜಾರಿ ಅಂಗಾತ! ಲೋಡಿಂಗಿಗೆ ತೆರೆದಿದ್ದ ಹಿಂಬಾಗಿಲಿನಿಂದ ಹೊರಕ್ಕೆ ಹಾರಿ, ಅಲ್ಲೇ ನಿಲ್ಲಿಸಿದ್ದ ನನ್ನ ಮೊಪೆಡ್ ಏರಿದೆ.

ಹಿಂದೆ ಜೀಪು. ಹತ್ತಿರ... ಇನ್ನೂ ಹತ್ತಿರ...

ಮಧುವನಹಳ್ಳಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂತು. ನಾನು ಸಂದಿಯಲ್ಲಿ ನುಗ್ಗಿದೆ. ಜೀಪು ಕಿರ್ರ್ ಅಂತ ನಿಂತಿತು.

ಸೀದಾ ಜಿಮ್ಮಿಗೆ ಬಂದೆ.

“ಪವಿತ್ರಾ, ಡೌಟೇ ಬ್ಯಾಡ! ಅದು ಬಲೆ ಮೀನೇ. ಆದ್ರೆ ವಿಡಿಯೋ ಓಯ್ತು ಕಣವ್ವಾ.”

ಅವಳು ನನ್ನ ಭುಜ ನೋಡಿದಳು. ಕಣ್ಣು ಕೆಂಪಾಯಿತು.

“ಓದ್ರೆ ಓಗ್ಲಿ. ಡಬ್ಬ ಅಂಗ್ಡೀಲಿ ಐತಲ್ಲಾ. ಬನ್ರೇ ಎಲ್ಲಾ!”

ಹೆಂಗಸರು ಟ್ರ್ಯಾಕ್‌ಪ್ಯಾಂಟಿನಲ್ಲೇ ಎದುರಿನ ಸೂಪರ್ ಮಾರ್ಕೆಟ್ಟಿಗೆ ನುಗ್ಗಿದರು. ಬಾಗಿಲಲ್ಲಿ ಬಿಸಿನೀರಿನ ಬಕೆಟ್ ಇಟ್ಟರು. ಡಬ್ಬಿ ಮುಳುಗಿತು. ಸ್ಟಿಕ್ಕರ್ ತೇಲಿತು! ಒಂದಾದ ಮೇಲೊಂದು... ಎಲ್ಲದರ ಮೇಲೂ ಅದೇ ಹಳೇ ಅಕ್ಷರ. ಅಂಗಡಿಯವನು ಬೆವರುತ್ತ ತಾನೇ ಶೆಲ್ಫ್ ಖಾಲಿ ಮಾಡತೊಡಗಿದ.

ಆಗ ಜೀಪು ಬಂದು ನಿಂತಿತು.

“ಮರ್ವಾದೆಯಾಗಿ ಡಬ್ಬ ಒಳಗಿಡ್ರಿ! ನಾನ್ಯಾರು ಅಂತ ಗೊತ್ತಾ?” ಪ್ರಭುಸ್ವಾಮಿ ಅಬ್ಬರಿಸಿದ.

ಯಾರೂ ಕದಲಲಿಲ್ಲ. ಪವಿತ್ರ ಅವನ ಮೂಗಿನ ಮುಂದೆಯೇ ನಿಂತಳು.

“ಅಕ್ಕನ್ನ ಒಡ್ದಾಯ್ತು. ಈಗ ನನ್ನೂ ಒಡೀರಿ. ಎಲ್ರೂ ಫೋನ್ ಇಡ್ಕಂಡು ಕಾಯ್ತಾವ್ರೆ!”

ಬೀದಿ ತುಂಬ ಜನ. ಯಾರೋ ಪೊಲೀಸಿಗೂ ಫೋನ್ ಮಾಡಿದ್ದರು. ಮಾದು ರಾಡನ್ನು ಜೀಪಿನಲ್ಲೇ ಬಿಟ್ಟು ಜನರೊಳಗೆ ಕರಗಿಹೋದ. ಪ್ರಭುಸ್ವಾಮಿಯ ಧ್ವನಿ ಇಳಿಯಿತು.

“ಇಷ್ಟು ಮಾಲ್ನ ನಾನೇನ್ ಮಾಡ್ಲವ್ವಾ?”

ನನ್ನ ಭುಜ ಉರಿಯುತ್ತಿತ್ತು. ಬಲಗೈಯಲ್ಲಿ ಒಂದು ಡಬ್ಬಿ ಎತ್ತಿ ಅವನ ಜೀಪಿನ ಸೀಟಿನ ಮೇಲೆ ಎಸೆದೆ.

“ಮನೆಗ್ ತಕಂಡೋಗಿ ತಿನ್ನಿ ಸಾ. ಎಕ್ಸ್‌ಪೈರಿಗೆ ಇನ್ನೂ ಎರಡು ವರ್ಷ ಟೈಮೈತೆ!”